ನೆರಳು ಎಂಬ ಮಾತು: ಐರಿಷ್ ಗಾದೆಗಳ ಒಂದು ಚರಿತ್ರೆ

ಐರಿಷ್ ಭಾಷೆಯಲ್ಲಿ ಗಾದೆಗೆ 'ಶಾನಕಲ್' ಎಂದು ಹೆಸರು. 'ಹಳೆಯ ಮಾತು' ಎಂಬುದು ಅದರ ಅಕ್ಷರಾರ್ಥ. ಜನ ಬಾಳುವುದು ಒಬ್ಬರು ಇನ್ನೊಬ್ಬರ ನೆರಳಿನಲ್ಲಿ ಎಂಬ ಗಾದೆ ಆ ನಾಡಿನಲ್ಲಿ ಬಹು ಪ್ರಸಿದ್ಧ. ಅದರಲ್ಲಿ ಬರುವ 'ಸ್ಕಾಹ್' ಎಂಬ ಶಬ್ದಕ್ಕೆ ನೆರಳು, ಆಸರೆ ಎಂಬ ಎರಡು ಅರ್ಥಗಳುಂಟು. ಇಂಗ್ಲಿಷಿಗೆ ತರುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕನ್ನಡದ 'ನೆರಳು' ಎರಡನ್ನೂ ಒಟ್ಟಿಗೆ ಹೊರಬಲ್ಲದು.

ಈ ಗಾದೆಯನ್ನು ನೀತಿವಾಕ್ಯವೆಂದಷ್ಟೇ ಓದಿದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ. ಐರಿಷ್ ಹಳ್ಳಿಗಳಲ್ಲಿ 'ಮೆಹಲ್' ಎಂಬ ಪದ್ಧತಿಯಿತ್ತು. ಪೈರಿನ ಕೊಯ್ಲಿಗೆ, ಹುಲ್ಲು ಒಣಗಿಸಿ ಒಟ್ಟುವುದಕ್ಕೆ, ಜೌಗುನೆಲದಲ್ಲಿ ಉರುವಲಿನ ಹೆಂಟೆಗಳನ್ನು ಕತ್ತರಿಸುವುದಕ್ಕೆ ನೆರೆಹೊರೆಯವರು ಕೂಡುತ್ತಿದ್ದರು. ಕೂಲಿಯ ಮಾತಿಲ್ಲ, ಪಡೆದ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸಬೇಕು. ನಮ್ಮ ಮುಯ್ಯಾಳಿನ ಪದ್ಧತಿಯೂ ಇಂಥದೇ. ನಾಳೆ ತನ್ನ ಹೊಲಕ್ಕೂ ಜನ ಬೇಕೆಂಬ ತಿಳಿವಳಿಕೆಯೇ ಆ ಗಾದೆಯ ಬಲ.

ಹತ್ತೊಂಬತ್ತನೆಯ ಶತಮಾನ ಈ ನೆರಳನ್ನು ಚದುರಿಸಿತು. 1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಮೆ ಅಷ್ಟೇ ಜನ ದೇಶ ಬಿಟ್ಟರು. ಅವರಲ್ಲಿ ಐರಿಷ್ ಮಾತನಾಡುವ ಬಡ ಬೇಸಾಯಗಾರರು ಬಹಳ. 1851ರ ಜನಗಣತಿಯಲ್ಲಿ ಸುಮಾರು ಹದಿನೈದು ಲಕ್ಷವಿದ್ದ ಐರಿಷ್ ಭಾಷಿಕರ ಸಂಖ್ಯೆ 1891ಕ್ಕೆ ಏಳು ಲಕ್ಷಕ್ಕಿಂತ ಕೆಳಗಿಳಿಯಿತು.

ಸ್ವತಂತ್ರ ಐರ್ಲೆಂಡು 1935ರಲ್ಲಿ ಜಾನಪದ ಆಯೋಗವೊಂದನ್ನು ಸ್ಥಾಪಿಸಿತು. ಶೇಮಸ್ ಓ ಡೂಲಾರ್ಗಾ ಅದರ ನಿರ್ದೇಶಕರು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನೂ ನೆರೆಯವರನ್ನೂ ಕೇಳಿ ಗಾದೆ, ಮಳೆಗಾಳಿಯ ಲಕ್ಷಣ, ಮನೆಮದ್ದು, ಕಸುಬು, ಕ್ಷಾಮದ ನೆನಪುಗಳನ್ನು ಬರೆದಿಟ್ಟರು. ಈ ಸಂಗ್ರಹ ಸುಮಾರು 7,40,000 ಪುಟಗಳಷ್ಟಿದೆ. ಮಕ್ಕಳ ಮಾತನ್ನು ತಿದ್ದಿದ ಶಾಲೆಯೇ ಒಂದು ಶತಮಾನದ ಬಳಿಕ ಮಕ್ಕಳ ಕೈಯಿಂದ ಹಳೆಯ ಮಾತನ್ನು ಬರೆಯಿಸಿತು.

ಆದರೆ ಆ ಪುಸ್ತಕಗಳಲ್ಲಿ ಗಾದೆಗಳು ಎಷ್ಟೋ ಕಡೆ ಬರಿಯ ಪಟ್ಟಿಯಾಗಿವೆ. ಹೇಳಿಕೊಟ್ಟವರ ಹೆಸರು, ಊರು ಅನೇಕ ವೇಳೆ ಸಿಗುತ್ತವೆ. ಯಾವ ಸಂದರ್ಭದಲ್ಲಿ, ಯಾರು ಯಾರಿಗೆ ಆಡುತ್ತಿದ್ದ ಮಾತು ಎಂಬುದು ಸಿಗುವುದು ವಿರಳ. ಅದನ್ನು ಹುಡುಕಬೇಕಾದುದು ಅದೇ ಊರಿನ ಬೇರೆ ಪುಟಗಳಲ್ಲಿ, ಕೊಯ್ಲಿನ ವರ್ಣನೆಯಲ್ಲಿ, ಹಸಿವಿನ ನೆನಪಿನಲ್ಲಿ. ಗಾದೆಯನ್ನು ಬಿಡಿಯಾಗಿ ಸಂಗ್ರಹಿಸಿ ಅರ್ಥ ಬರೆದುಬಿಡುವ ನಮ್ಮ ಅಧ್ಯಯನಗಳಿಗೂ ಇದು ಎಚ್ಚರಿಕೆ. ಸಂದರ್ಭದಿಂದ ಕಳಚಿದ ಗಾದೆ ಉಳಿಯುತ್ತದೆ ನಿಜ. ಅದರ ನೆರಳಿನಲ್ಲಿ ನಿಂತಿದ್ದ ಜನ ಮಾತ್ರ ಕಾಣುವುದಿಲ್ಲ.