ಬರದ ನೆರವು ಮತ್ತು ನಡೆಯುವ ಹಿಂಡು: ಚಿತ್ರದುರ್ಗ ಜಿಲ್ಲೆಯ ಕುರಿಗಾಹಿಗಳ ಸಂದರ್ಭ

ಚಿತ್ರದುರ್ಗ ಜಿಲ್ಲೆಯಲ್ಲಿ ಬರ ಅಪರೂಪವಲ್ಲ. ಪಶ್ಚಿಮದ ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ, ತೆಂಗಿನ ತೋಟಗಳಿವೆ; ಪೂರ್ವಕ್ಕೆ ಹಿರಿಯೂರಿನತ್ತ ಸರಿದಂತೆ ಮಳೆ ಕ್ಷೀಣಿಸಿ, ಬದುಕಿನ ಭಾರ ಕುರಿ ಮೇಕೆಗಳ ಮೇಲೆ ಬೀಳುತ್ತದೆ. ಕುರುಬರು, ಕಾಡುಗೊಲ್ಲರು ಹಿಂಡನ್ನು ಹಟ್ಟಿಯಲ್ಲೇ ಕಟ್ಟಿಹಾಕಿ ಸಾಕುವವರಲ್ಲ. ಮೇವು ತೀರಿದಾಗ ಜಿಲ್ಲೆಯ ಗಡಿ ದಾಟಿ, ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತ ಅವರು ಮುಂದೆ ಸಾಗುತ್ತಾರೆ. ಸರ್ಕಾರದ ತುರ್ತು ನೆರವು ಈ ನಡಿಗೆಯನ್ನು ಗಣನೆಗೆ ತೆಗೆದುಕೊಂಡು ರೂಪುಗೊಂಡಿಲ್ಲ.

ಸತ್ತ ಪಶುಗಳ ಪರಿಹಾರಕ್ಕೆ ಎರಡು ದಾರಿಗಳಿವೆ. ಮೊದಲನೆಯದು ರಾಜ್ಯ ವಿಪತ್ತು ಪರಿಹಾರ ನಿಧಿ. 2022-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ ಸತ್ತ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಅಥವಾ ಮೇಕೆಗೆ 4,000. ಆದರೆ ಒಂದು ಕುಟುಂಬಕ್ಕೆ ಗರಿಷ್ಠ 30 ಕುರಿಗಳಿಗೆ ಮಾತ್ರ ಪರಿಹಾರ. ನೂರು ಕುರಿ ಕಳೆದುಕೊಂಡವನಿಗೂ ಸಿಗುವುದು 1,20,000 ರೂಪಾಯಿಯಷ್ಟೇ. ಹಟ್ಟಿಯ ಹಲವು ಮನೆಗಳ ಕುರಿಗಳು ಒಂದೇ ಮಂದೆಯಲ್ಲಿ ಸಾಗುವಾಗ ಸತ್ತ ಕುರಿ ಯಾವ ಕುಟುಂಬದ್ದೆಂದು ದಾಖಲಿಸುವುದೂ ಸುಲಭವಲ್ಲ. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಸಾಕುವ ದೇವರ ಎತ್ತುಗಳದೂ ಇಂಥದೇ ತೊಡಕು: ಅವು ಯಾವ ಮನೆಯ ಸ್ವತ್ತೂ ಅಲ್ಲ, ಇಡೀ ಸಮುದಾಯದ್ದು.

ಎರಡನೆಯದು ಅನುಗ್ರಹ ಯೋಜನೆ. ಕೆಲಕಾಲ ನಿಂತುಹೋಗಿದ್ದ ಇದು 2023-24ರ ರಾಜ್ಯ ಬಜೆಟ್ಟಿನಲ್ಲಿ ಮರಳಿತು. ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ 5,000 ರೂಪಾಯಿ, ಮೂರರಿಂದ ಆರು ತಿಂಗಳ ಮರಿಗೆ 3,500. 2025-26ರಲ್ಲಿ ಈ ಮೊತ್ತಗಳನ್ನು ಕ್ರಮವಾಗಿ 7,500 ಮತ್ತು 5,000ಕ್ಕೆ ಏರಿಸಲಾಯಿತು. ವಿಪತ್ತಿನ ಅಧಿಸೂಚನೆಗೆ ಕಾಯಬೇಕಿಲ್ಲದ ಕಾರಣ ಕುರಿಗಾಹಿಗೆ ಇದೇ ಹೆಚ್ಚು ಹತ್ತಿರದ್ದು. ಆದರೂ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪರ ಜಿಲ್ಲೆಯ ಹೊಲದಲ್ಲಿ ರಾತ್ರಿ ಕುರಿ ಸತ್ತರೆ, ಬೆಳಗ್ಗೆ ಮಂದೆ ಹೊರಡುವ ಮುನ್ನ ವೈದ್ಯರನ್ನು ಕರೆತರುವುದು ಬಹುತೇಕ ಅಸಾಧ್ಯ. ಮೂರು ತಿಂಗಳಿಗಿಂತ ಎಳೆಯ ಮರಿಗಳು ಪಟ್ಟಿಯಲ್ಲೇ ಇಲ್ಲ. ಮೇವಿಲ್ಲದೆ ತಾಯಿಯ ಹಾಲು ಬತ್ತಿದಾಗ ಮೊದಲು ಸಾಯುವುದು ಅವೇ.

ಜೀವಂತ ಪಶುಗಳಿಗಿರುವ ನೆರವು ಗೋಶಾಲೆ ಮತ್ತು ಮೇವು ಬ್ಯಾಂಕ್. ಗೋಶಾಲೆಗೆ 2022-26ರ ಅವಧಿಯ ದರ ದಿನಕ್ಕೆ ದೊಡ್ಡ ಪ್ರಾಣಿಗೆ 80, ಸಣ್ಣದಕ್ಕೆ 45 ರೂಪಾಯಿ. ದನಗಳಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಮೇಯುತ್ತ ನಡೆಯುವ ಕುರಿಗೆ ಒಂದೇ ಕಡೆಯ ಶಿಬಿರ ಒಗ್ಗುವುದಿಲ್ಲ. ಇಕ್ಕಟ್ಟಿನಲ್ಲಿ ರೋಗ ಬೇಗ ಹಬ್ಬುತ್ತದೆ.

ಹಣ ಬರುವ ಹೊತ್ತೂ ಮುಖ್ಯ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಘೋಷಣೆ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಇಂಥ ತಿಂಗಳುಗಳಲ್ಲಿ ಕುರಿಗಾಹಿ ಮಾಡುವುದು ಒಂದೇ: ಸಾಯುವ ಮೊದಲೇ ಹಿಂಡನ್ನು ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರುವುದು. ಸಾವಿನ ಲೆಕ್ಕ ಹಿಡಿಯುವ ಪರಿಹಾರದಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ. ಸಂಚಾರಿ ಪಶುವೈದ್ಯ ಘಟಕಗಳನ್ನು ವಲಸೆಯ ದಾರಿಗಳಿಗೆ ಜೋಡಿಸಿ, ಕುರಿ ಸತ್ತಲ್ಲಿಯೇ ನೀಡಿದ ವರದಿಯನ್ನು ತವರು ತಾಲ್ಲೂಕು ಒಪ್ಪಿಕೊಳ್ಳುವ ಏರ್ಪಾಡು ಮಾಡಿದರೆ ಅನುಗ್ರಹದ ಹಣ ಹೆಚ್ಚು ಹಟ್ಟಿಗಳನ್ನು ತಲುಪೀತು; ಬರದ ಮಾರಾಟಕ್ಕೆ ಬೇರೆಯದೇ ನೆರವು ಬೇಕು.