ಚೀನೀ ಲಿಪಿಯಲ್ಲಿ ಶಿಷ್ಟರೂಪವೂ ಲೋಕರೂಪವೂ

ಚೀನೀ ಲಿಪಿಯು ವರ್ಣಮಾಲೆಯಲ್ಲವೆಂಬುದು ಸರ್ವವಿದಿತವಾದ ಸಂಗತಿ. ಅಲ್ಲಿ ಒಂದು ಚಿಹ್ನೆಯು ಒಂದು ವರ್ಣವನ್ನಲ್ಲ, ಒಂದು ಪದವನ್ನೋ ಪದದ ಅರ್ಥವತ್ತಾದ ಒಂದು ಭಾಗವನ್ನೋ ನಿರ್ದೇಶಿಸುವುದು. ನಮ್ಮ ಓಲೆಯ ಪ್ರತಿಗಳಲ್ಲಿ ಲಿಪಿಕಾರನು ಎಡವಿದರೆ ಪದವು ಕೆಟ್ಟು ಪಾಠಾಂತರವು ಹುಟ್ಟುವುದಲ್ಲದೆ ಹೊಸದೊಂದು ಅಕ್ಷರವು ಹುಟ್ಟುವುದಿಲ್ಲ. ಚೀನದಲ್ಲಾದರೋ ಲಿಪಿಕಾರನ ಕೈಯಲ್ಲಿ ಅಕ್ಷರವೇ ಬೇರೊಂದು ದೇಹವನ್ನು ತಾಳುವುದು. ಉಚ್ಚಾರಣೆ ಅದೇ, ಅರ್ಥವೂ ಅದೇ, ಆಕಾರ ಮಾತ್ರ ಬೇರೆ. ಇಂತಹವುಗಳಿಗೆ ಆ ಭಾಷೆಯಲ್ಲಿ 'ಯೀತಿತ್ಸಿ' ಎಂದು ಹೆಸರು. 'ಭಿನ್ನದೇಹದ ಅಕ್ಷರ'ವೆಂದೇ ಅದರ ಶಬ್ದಾರ್ಥ.

ಈ ಭೇದಗಳಲ್ಲಿ ಕೆಲವು ಕೇವಲ ಸ್ಥಾನಭೇದಗಳು. ಶಿಖರವೆಂಬ ಅರ್ಥದ 'ಫೆಂಗ್' ಎಂಬಲ್ಲಿ ಬೆಟ್ಟದ ಚಿಹ್ನೆಯನ್ನು ಎಡಗಡೆಗೆ ಬರೆಯುವವರೂ ಉಂಟು, ತಲೆಯ ಮೇಲೆ ಬರೆಯುವವರೂ ಉಂಟು. ಹಿಂಡೆಂಬ ಅರ್ಥದ 'ಛ್ಯುನ್' ಎಂಬಲ್ಲಿ ಒಡೆಯನ ಚಿಹ್ನೆಯ ಪಕ್ಕದಲ್ಲಿ ಕುರಿಯನ್ನು ನಿಲ್ಲಿಸಿದರೂ ಒಂದೇ, ಕೆಳಗೆ ನಿಲ್ಲಿಸಿದರೂ ಒಂದೇ. ಬೇರೆ ಕೆಲವೆಡೆ ಅವಯವವೇ ಬದಲಾಗುವುದು. ಕಣ್ಣೀರಿನ ಶಿಷ್ಟರೂಪದಲ್ಲಿ ನೀರಿನ ಚಿಹ್ನೆಯೊಡನೆ ಧ್ವನಿಯನ್ನು ಸೂಚಿಸುವ ಅಂಗವೊಂದಿದೆ. ಲೋಕರೂಪದಲ್ಲಿ ನೀರಿನ ಪಕ್ಕಕ್ಕೆ ಕಣ್ಣನ್ನೇ ಇಟ್ಟಿರುವರು. ವಿದ್ವಾಂಸರಿಗೆ ಮೊದಲನೆಯದು ಸಾಧು, ಆದರೆ ಎರಡನೆಯದನ್ನು ಕಂಡೊಡನೆ ಮಕ್ಕಳಿಗೂ ಅರ್ಥವು ಹೊಳೆಯುವುದು.

ರೂಪಾಂತರಗಳ ಗಣನೆಯೂ ಕೋಶರಚನೆಯಷ್ಟೇ ಹಳೆಯದು. ಶು ಶೆನ್ ಎಂಬ ವಿದ್ವಾಂಸನು ಕ್ರಿ. ಶ. ೧೦೦ರಲ್ಲಿ ರಚಿಸಿ, ೧೨೧ರಲ್ಲಿ ತನ್ನ ಮಗನ ಮೂಲಕ ಚಕ್ರವರ್ತಿಗೆ ಒಪ್ಪಿಸಿದ 'ಶ್ವೊವೆನ್ ಜಿಯೆತ್ಸಿ' ಎಂಬ ಕೋಶದಲ್ಲಿ ೯,೩೫೩ ಮುಖ್ಯಾಕ್ಷರಗಳಿವೆ. ಅವುಗಳ ಕೆಳಗೆ ೧,೧೬೩ ಪುನರುಕ್ತರೂಪಗಳನ್ನು ಆತನೇ ಎಣಿಸಿಟ್ಟಿರುವನು. ಉದಾಹರಣೆಗೆ, ಪ್ರಾಜ್ಞನೆಂಬ ಅರ್ಥದ 'ಚೆ' ಎಂಬ ಅಕ್ಷರಕ್ಕೆ ಶುಭಚಿಹ್ನೆಯನ್ನು ಮೂರು ಸಲ ಬರೆದ ಪ್ರಾಚೀನರೂಪವೊಂದಿದೆಯೆಂದು ಅಲ್ಲಿ ಹೇಳಿದೆ. ಅದರಲ್ಲಿ ಒಂದು ಶುಭವು ಲೋಪವಾಗಿ ಎರಡು ಉಳಿದ ರೂಪವು ಇಂದಿಗೂ ಜನರ ಹೆಸರುಗಳಲ್ಲಿ ಬಳಕೆಯಲ್ಲಿದೆ. ಹೀಗಿರಲು ಎಲ್ಲ ರೂಪಾಂತರಗಳೂ ಅರ್ವಾಚೀನರ ಅಜ್ಞಾನದಿಂದ ಹುಟ್ಟಿದವುಗಳೆಂಬ ಮಾತು ನಿಲ್ಲಲಾರದು.

ಆದರೂ ಅಜ್ಞಾನದ ದೂರು ಬಹಳ ಹಿಂದಿನಿಂದಲೂ ಕೇಳಿಬಂದಿದೆ. ಅದನ್ನು ಸ್ಪಷ್ಟವಾಗಿ ಹೇಳಿದವನು ಆರನೆಯ ಶತಮಾನದ ಯಾನ್ ಚಿತುಯಿ. ದಕ್ಷಿಣರಾಜ್ಯದಲ್ಲಿ ಹುಟ್ಟಿ, ೫೫೪ರ ಯುದ್ಧದಲ್ಲಿ ಸೆರೆಸಿಕ್ಕಿ, ಉತ್ತರದವರ ಆಸ್ಥಾನಗಳಲ್ಲಿ ಬಾಳಿದ ಈತನು ತನ್ನ ಮಕ್ಕಳಿಗಾಗಿ ಬರೆದ ಗೃಹೋಪದೇಶಗ್ರಂಥದಲ್ಲಿ ಲಿಪಿಯ ವಿಷಯವನ್ನೂ ಪ್ರಸ್ತಾವಿಸಿರುವನು. ಉತ್ತರದಲ್ಲಿ ರಾಜ್ಯಕ್ಷೋಭೆಯ ಅನಂತರ ಬರವಣಿಗೆಯು ಕೆಟ್ಟು, ಜನರು ಮನಬಂದಂತೆ ಅಕ್ಷರಗಳನ್ನು ಕಟ್ಟುತ್ತಿರುವರೆಂದು ಆತನ ಆಕ್ಷೇಪ. ದೃಷ್ಟಾಂತವಾಗಿ ಆರನ್ನು ಹೆಸರಿಸಿರುವನು: ನೂರು ಮತ್ತು ಚಿಂತೆ ಸೇರಿ ದುಃಖ; ಮಾತು ಮತ್ತು ವಿಪರೀತ ಸೇರಿ ವಿಕಾರ; ಇಲ್ಲ ಮತ್ತು ಉಪಯೋಗ ಸೇರಿ ನಿಲುಗಡೆ; ಅಟ್ಟುವುದು ಮತ್ತು ಬರುವುದು ಸೇರಿ ಹಿಂತಿರುಗುವುದು; ಮತ್ತೆ ಮತ್ತು ಬದುಕು ಸೇರಿ ಪುನರುಜ್ಜೀವನ; ಮೊದಲು ಮತ್ತು ಮನುಷ್ಯ ಸೇರಿ ಮುದುಕ.

ಯಾಸ್ಕನ ನಿರ್ವಚನಗಳನ್ನು ಬಲ್ಲವರಿಗೆ ಇದನ್ನೋದುವಾಗ ಯಾನ್ ಚಿತುಯಿಯ ಕೋಪಕ್ಕಿಂತಲೂ ಆ ಅಜ್ಞಾತ ಲಿಪಿಕಾರರ ಚಾತುರ್ಯವೇ ಹೆಚ್ಚಾಗಿ ಮನಸ್ಸನ್ನು ಸೆಳೆಯುವುದು. ಪುನರುಜ್ಜೀವನದ ಅಕ್ಷರವನ್ನೇ ನೋಡಬಹುದು. ಇದರ ಉಚ್ಚಾರಣೆ 'ಸು'. ಪಂಡಿತರು ಒಪ್ಪುವ ಶಿಷ್ಟರೂಪದಲ್ಲಿ ಹುಲ್ಲು, ಮೀನು, ಧಾನ್ಯ ಎಂಬ ಮೂರು ಅಂಗಗಳಿವೆ. ಅದು ಮೂಲತಃ ಒಂದು ಗಿಡದ ಹೆಸರು. ಧ್ವನಿಸಾಮ್ಯದಿಂದ ಆ ಗಿಡದ ಅಕ್ಷರವನ್ನು ಪುನರುಜ್ಜೀವನವೆಂಬ ಅರ್ಥಕ್ಕೆ ಎರವಲಾಗಿ ತಂದರು. ಎರವಲು ತಂದುದು ಸಾಧುವಾಗಿ, ಅರ್ಥಕ್ಕೆಂದೇ ಕಟ್ಟಿದುದು ಅಸಾಧುವಾಯಿತು! ಆದರೆ ಯಾನ್ ಚಿತುಯಿಯ ಆತಂಕವೂ ನಿರಾಧಾರವಾದುದಲ್ಲ. ಈ ರೂಪಗಳು ಶಾಸ್ತ್ರಗ್ರಂಥಗಳ ತುಂಬ ಹರಡಿಕೊಂಡಿದ್ದುವು. ಪ್ರತಿಯೊಬ್ಬನೂ ತನ್ನ ಊಹೆಯಂತೆ ಅಕ್ಷರವನ್ನು ಕಟ್ಟಿದರೆ ನೂರು ವರ್ಷಗಳ ಮೇಲೆ ಮೂಲವನ್ನು ಓದುವವರು ಯಾರು?

ಈ ಚಿಂತೆಯು ಯಾನ್ ಕುಲದ ಪಿತ್ರಾರ್ಜಿತವಾಯಿತೆನ್ನಬಹುದು. ಚಿತುಯಿಯ ಮೊಮ್ಮಗನಾದ ಯಾನ್ ಶಿಗುವಿಗೆ (೫೮೧–೬೪೫) ತಾಂಗ್ ಚಕ್ರವರ್ತಿ ತೈಜೊಂಗನು ಪಂಚಶಾಸ್ತ್ರಗಳ ಪಾಠಪರಿಷ್ಕಾರವನ್ನು ವಹಿಸಿದನು. ಶಿಗುವಿನ ಸೋದರನ ಮೊಮ್ಮಗನಾದ ಯಾನ್ ಯುವಾನ್‌ಸುನ್ 'ಗಾನ್‌ಲು ತ್ಸಿಶು', ಎಂದರೆ 'ರಾಜವೇತನಾರ್ಥಿಗಳ ಅಕ್ಷರಗ್ರಂಥ'ವೆಂಬ ಚಿಕ್ಕ ಪುಸ್ತಕವನ್ನು ಬರೆದನು. ರಾಜಸೇವೆಯ ಪರೀಕ್ಷೆಗೆ ಕುಳಿತವನು ಯಾವ ರೂಪವನ್ನು ಬರೆಯಬೇಕೆಂಬುದೇ ಅದರ ವಿಷಯ. ಆತನು ರೂಪಗಳನ್ನು ಲೌಕಿಕ, ಪ್ರಚಲಿತ, ಸಾಧು ಎಂದು ಮೂರು ವರ್ಗಗಳಾಗಿ ವಿಭಾಗಿಸಿದನು. ಮನೆವಾರು ಪಟ್ಟಿ, ಲೆಕ್ಕ, ಕರಾರುಪತ್ರ, ಔಷಧದ ಚೀಟಿ ಇವುಗಳಿಗೆ ಲೌಕಿಕವು ಸಾಕು. ಬಹುಕಾಲದಿಂದ ರೂಢವಾಗಿರುವ ಪ್ರಚಲಿತರೂಪವು ಬಿನ್ನವತ್ತಳೆ, ಪತ್ರ, ನ್ಯಾಯತೀರ್ಪುಗಳಿಗೆ ಯೋಗ್ಯ. ಪ್ರಮಾಣವುಳ್ಳ ಸಾಧುರೂಪವನ್ನು ಗ್ರಂಥರಚನೆಯಲ್ಲಿಯೂ ಪರೀಕ್ಷಾಪ್ರಬಂಧದಲ್ಲಿಯೂ ಶಿಲಾಲೇಖದಲ್ಲಿಯೂ ಬಳಸಬೇಕು.

ಮಹಾಭಾಷ್ಯಕಾರನು ಒಂದೊಂದು ಸಾಧುಶಬ್ದಕ್ಕೂ ಅನೇಕ ಅಪಭ್ರಂಶಗಳುಂಟೆಂದು ಹೇಳಿ, ಗೋಶಬ್ದಕ್ಕೆ ಗಾವೀ, ಗೋಣೀ ಮೊದಲಾದವುಗಳನ್ನು ಉದಾಹರಿಸಿರುವುದು ವಾಚಕರಿಗೆ ನೆನಪಿರಬಹುದು. ಅರ್ಥಬೋಧೆಯು ಎರಡರಿಂದಲೂ ಸಮಾನವಾಗಿ ಆಗುವುದಾದರೂ ಧರ್ಮಕ್ಕಾಗಿ ಶಾಸ್ತ್ರವು ಸಾಧುಶಬ್ದವನ್ನು ನಿಯಮಿಸುವುದೆಂದು ಅಲ್ಲಿಯ ನಿರ್ಣಯ. ಯುವಾನ್‌ಸುನ್‌ನ ನಿರ್ಣಯವು ಇದಕ್ಕೆ ಹತ್ತಿರವಾಗಿದ್ದರೂ ಒಂದು ಅಂಶದಲ್ಲಿ ಬೇರೆ. ಆತನು ಲೋಕರೂಪವನ್ನು ದೋಷವೆಂದು ತಳ್ಳಿಹಾಕದೆ ಅದಕ್ಕೆ ಉಚಿತವಾದ ಸ್ಥಾನವನ್ನು ಗೊತ್ತುಪಡಿಸಿದನು. ಔಷಧದ ಚೀಟಿಯಲ್ಲಿ ವೈದ್ಯನು ಬರೆದ ಅಕ್ಷರವನ್ನು ಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವ ಅಗತ್ಯವಿಲ್ಲವೆಂಬ ವಿವೇಕವು ಮೆಚ್ಚತಕ್ಕದ್ದು. ಆತನ ತಮ್ಮನ ಮಗನೂ ಪ್ರಸಿದ್ಧ ಲಿಪಿಕುಶಲಿಯೂ ಆದ ಯಾನ್ ಚೆನ್‌ಚಿಂಗ್ ೭೭೪ರಲ್ಲಿ ಹುಜೌ ಪ್ರಾಂತದ ಅಧಿಕಾರಿಯಾಗಿದ್ದಾಗ ಈ ಗ್ರಂಥವನ್ನು ಸ್ವಹಸ್ತದಿಂದ ಬರೆದು ಕಲ್ಲಿನಲ್ಲಿ ಕೆತ್ತಿಸಿದನು. ಪಡಿಯಚ್ಚು ತೆಗೆದುಕೊಳ್ಳುವವರ ದಟ್ಟಣೆಯಿಂದ ಆ ಕಲ್ಲು ಬೇಗನೆ ಸವೆದುಹೋಗಿ, ೮೩೯ರಲ್ಲಿ ಬೇರೊಂದು ಕಲ್ಲನ್ನು ಕೆತ್ತಿಸಬೇಕಾಯಿತು.

ರೂಪಾಂತರಗಳು ಕೆಳಗಿನಿಂದಲೇ ಹುಟ್ಟಬೇಕೆಂಬ ನಿಯಮವೂ ಇಲ್ಲ. ವೂ ಸಾಮ್ರಾಜ್ಞಿಯು ೬೮೯ರ ಕೊನೆಯಲ್ಲಿ ರಾಜಾಜ್ಞೆಯಿಂದಲೇ ಹನ್ನೆರಡು ಹೊಸ ಅಕ್ಷರಗಳನ್ನು ಪ್ರಚುರಪಡಿಸಿದಳು. ಮುಂದೆ ಮತ್ತೆ ಕೆಲವು ಸೇರಿದುವು. ಆಕೆಯ ಹೆಸರಿನ ಅಕ್ಷರದಲ್ಲಿ ಶೂನ್ಯಾಕಾಶದ ಮೇಲೆ ಸೂರ್ಯಚಂದ್ರರು. ಭೂಮಿಯೆಂಬಲ್ಲಿ ಬೆಟ್ಟ, ನೀರು, ಮಣ್ಣು. ರಾಜ್ಯವೆಂಬಲ್ಲಿ ಆವರಣದೊಳಗೆ ಎಂಟು ದಿಕ್ಕುಗಳು. ೭೦೫ರಲ್ಲಿ ಆಕೆಯ ಪ್ರಭುತ್ವವು ಮುಗಿಯಿತು, ಅಕ್ಷರಗಳೂ ಅಧಿಕಾರವನ್ನು ಕಳೆದುಕೊಂಡುವು. ಆದರೂ ಎಂಟು ದಿಕ್ಕಿನ ರಾಜ್ಯಾಕ್ಷರವು ಸಮುದ್ರವನ್ನು ದಾಟಿ, ಸುಮಾರು ಸಾವಿರ ವರ್ಷಗಳ ಮೇಲೆ ಜಪಾನಿನ ತೊಕುಗವಾ ಮಿತ್ಸುಕುನಿಯ (೧೬೨೮–೧೭೦೧) ಹೆಸರಿನಲ್ಲಿ ಸೇರಿಕೊಂಡಿತು.

ಈ ಅಕ್ಷರಗಳು ಕಾಲನಿರ್ಣಯಕ್ಕೆ ಸಾಧನಗಳೆಂದು ಸಂಶೋಧಕರು ಬಗೆಯುವರು. ಆದರೆ ಇಲ್ಲಿ ಎಚ್ಚರವು ಬೇಕು. ೧೯೬೬ರಲ್ಲಿ ಕೊರಿಯಾದ ಬುಲ್‌ಗುಕ್‌ಸಾ ವಿಹಾರದ ಸ್ತೂಪದಲ್ಲಿ ರಶ್ಮಿವಿಮಲವಿಶುದ್ಧಪ್ರಭಾಧಾರಣಿಯ ಅಚ್ಚಿನ ಸುರುಳಿಯೊಂದು ದೊರೆಯಿತು. ಅದರಲ್ಲಿ ವೂ ಸಾಮ್ರಾಜ್ಞಿಯ ಅಕ್ಷರಗಳಿರುವುದರಿಂದ ಎಂಟನೆಯ ಶತಮಾನದ್ದೆಂದು ಹೇಳಲಾಯಿತು. ಅದೇ ಸ್ತೂಪದಲ್ಲಿ ಸಿಕ್ಕಿದ ಪತ್ರಗಳನ್ನು ಬಿಡಿಸಿ ಓದಲಾಗಿ ೧೦೨೪ರಲ್ಲಿಯೂ ೧೦೩೮ರಲ್ಲಿಯೂ ಜೀರ್ಣೋದ್ಧಾರವು ನಡೆದುದು ತಿಳಿದುಬಂದು, ವಿವಾದಕ್ಕೆ ಆಸ್ಪದವಾಯಿತು. ಅಕ್ಷರವು ಮೂಲಪಾಠದ ಕಾಲವನ್ನು ಸೂಚಿಸಬಹುದು. ಕೈಯಲ್ಲಿರುವ ಪ್ರತಿಯ ಕಾಲವನ್ನು ಅದೊಂದರಿಂದಲೇ ನಿರ್ಣಯಿಸಲಾಗದು.

ಪರೀಕ್ಷಾರ್ಥಿಗೆ ಯುವಾನ್‌ಸುನ್‌ನ ಕೈಪಿಡಿಯು ಸಾಕಾಗಿತ್ತು. ಆದರೆ ಬೌದ್ಧಸೂತ್ರಗಳನ್ನು ಪಠಿಸುವ ಭಿಕ್ಷುವಿಗೆ ಅದು ಸಾಕಾಗಲಿಲ್ಲ. ಸೂತ್ರಗಳನ್ನು ಪುಣ್ಯಾರ್ಥವಾಗಿ ಬರೆದವರು, ಬರೆಯಿಸಿದವರು ಎಲ್ಲ ವರ್ಗದವರೂ ಆಗಿದ್ದರು. ಬೋಧಿಸತ್ತ್ವನೆಂಬುದಕ್ಕೆ ಎರಡು ದೊಡ್ಡ ಅಕ್ಷರಗಳನ್ನು ಬರೆಯುವ ಬದಲು ಅವುಗಳ ತಲೆಯ ಮೇಲಿನ ಹುಲ್ಲಿನ ಚಿಹ್ನೆಯನ್ನು ಮಾತ್ರ ಎರಡು ಸಲ ಬರೆದು ಮುಗಿಸುವರು. ಸಂಸ್ಕೃತಮಂತ್ರಗಳ ಉಚ್ಚಾರಣೆಗಾಗಿ ಚೀನೀ ಅಕ್ಷರದ ಪಕ್ಕಕ್ಕೆ ಬಾಯಿಯ ಚಿಹ್ನೆಯನ್ನು ಸೇರಿಸಿ, ಇದು ಅರ್ಥಕ್ಕಲ್ಲ, ಧ್ವನಿಗೆ ಮಾತ್ರವೆಂದು ಸೂಚಿಸುವರು. ಬುದ್ಧನೆಂಬ ಅಕ್ಷರವನ್ನು ಸಂಕ್ಷೇಪಿಸಿ ಬರೆದ ರೂಪವು ಚೀನದಲ್ಲಿ ಲೌಕಿಕವೆನಿಸಿದರೂ ಜಪಾನಿನಲ್ಲಿ ೧೯೪೯ರಿಂದ ಅದೇ ಶಿಷ್ಟವಾಗಿದೆ.

ಈ ಅರಣ್ಯದಲ್ಲಿ ದಾರಿ ತೋರಿಸಲು ಲಿಯಾವ್ ರಾಜ್ಯದ ಶಿಂಗ್‌ಜುನ್ ಎಂಬ ಭಿಕ್ಷುವು ೯೯೭ರಲ್ಲಿ 'ಲುಂಗ್‌ಖಾನ್ ಶೌಜಿಂಗ್' ಎಂಬ ಕೋಶವನ್ನು ಮುಗಿಸಿದನು. 'ನಾಗಕೋಷ್ಠದ ಹಸ್ತದರ್ಪಣ'ವೆಂದು ಅದರ ಅರ್ಥ. ಸೂತ್ರಭಂಡಾರಕ್ಕೆ ನಾಗಕೋಷ್ಠವೆಂಬುದು ಆಲಂಕಾರಿಕವಾದ ಹೆಸರು. ೨೪೨ ವರ್ಗಗಳಲ್ಲಿ ಇಪ್ಪತ್ತಾರು ಸಾವಿರಕ್ಕೂ ಮಿಕ್ಕಿ ಅಕ್ಷರಗಳಿವೆ. ಆತನು ಇದು ಸಾಧು, ಇದು ಲೌಕಿಕ, ಇದು ಪ್ರಾಚೀನ, ಇದು ಇಂದಿನದೆಂದು ಗುರುತಿಸಿ, ಉಚ್ಚಾರಣೆಯನ್ನು ಕೊಟ್ಟು ಮುಂದೆ ಸಾಗುವನು. ಲಿಯಾವ್ ಪುಸ್ತಕಗಳನ್ನು ಸೊಂಗ್ ರಾಜ್ಯಕ್ಕೆ ಸಾಗಿಸಿದವರಿಗೆ ಮರಣದಂಡನೆಯಿದ್ದಿತೆಂದೂ, ಆದರೂ ೧೦೬೮–೧೦೭೭ರ ನಡುವೆ ಈ ಕೋಶವು ದೊರೆತು ಮುದ್ರಿತವಾಯಿತೆಂದೂ, ಪೀಠಿಕೆಯಲ್ಲಿದ್ದ ಶತ್ರುರಾಜ್ಯದ ಶಕವರ್ಷವನ್ನು ಮುದ್ರಿಸಿದವನು ಅಳಿಸಿಹಾಕಿದನೆಂದೂ ಶೆನ್ ಕ್ವೊ ಬರೆದಿರುವನು. ಸೊಂಗ್ ಮುದ್ರಣದಲ್ಲಿ ಗ್ರಂಥದ ಹೆಸರೂ ಬದಲಾಯಿತು. ಕನ್ನಡಿಯೆಂಬರ್ಥದ 'ಜಿಂಗ್' ಶಬ್ದವು ಸೊಂಗ್ ವಂಶಸ್ಥಾಪಕನ ತಾತನ ಹೆಸರಿನಂತೆಯೇ ಕೇಳಿಸುತ್ತಿದ್ದುದರಿಂದ ಅದನ್ನು ತೆಗೆದು, ಅದೇ ಅರ್ಥದ 'ಜಿಯೆನ್' ಶಬ್ದವನ್ನು ಇಟ್ಟರು. ರೂಪಾಂತರಗಳ ಕೋಶಕ್ಕೇ ನಾಮಾಂತರವು ಪ್ರಾಪ್ತವಾಯಿತು.

ಛಿಂಗ್ ಕಾಲದ (೧೬೪೪–೧೯೧೧) ಶಬ್ದಶಾಸ್ತ್ರಜ್ಞರಲ್ಲಿ ಹಲವರಿಗೆ ಈ ಕೋಶದಲ್ಲಿ ಆದರವಿರಲಿಲ್ಲ. ಶು ಶೆನ್‌ನ ಪ್ರಮಾಣವಿಲ್ಲದ ಗ್ರಾಮ್ಯರೂಪಗಳ ರಾಶಿಯೆಂದು ಅದನ್ನು ಹಳಿದರು. ೧೭೧೬ರ ಕಾಂಗ್‌ಶಿ ಕೋಶವು ತನ್ನ ೪೭,೦೩೫ ಅಕ್ಷರಗಳಲ್ಲಿ ಇದರಿಂದ ಅನೇಕ ರೂಪಗಳನ್ನು ಎತ್ತಿಕೊಂಡಿದ್ದರೂ ವಿದ್ವತ್ಸಭೆಯಲ್ಲಿ ಇದಕ್ಕೆ ಮನ್ನಣೆಯು ಸಿಕ್ಕಲಿಲ್ಲ. ಬಳಿಕ ೧೯೦೦ರಲ್ಲಿ ದುನ್‌ಹುವಾಂಗ್ ಗುಹೆಯ ಗ್ರಂಥರಾಶಿಯು ಬೆಳಕಿಗೆ ಬಂದಿತು. ೧೯೦೭ರಲ್ಲಿ ಸ್ಟೈನ್, ೧೯೦೮ರಲ್ಲಿ ಪೆಲಿಯೊ ಅದರ ಬಹುಭಾಗವನ್ನು ಯೂರೋಪಿಗೆ ಸಾಗಿಸಿದರು. ಐದನೆಯ ಶತಮಾನದಿಂದ ಹನ್ನೊಂದನೆಯ ಶತಮಾನದ ಆದಿಯವರೆಗಿನ ಆ ಪ್ರತಿಗಳನ್ನು ಓದಲು ಕುಳಿತವರಿಗೆ ಶು ಶೆನ್‌ನಲ್ಲಿಲ್ಲದ ಅಕ್ಷರಗಳು ಹೆಜ್ಜೆಹೆಜ್ಜೆಗೂ ಎದುರಾದುವು. ಅವುಗಳನ್ನು ಬಿಡಿಸಲು ಬೇಕಾದ ಸಾಮಗ್ರಿಯು ಹಳಿಸಿಕೊಂಡ ಹಸ್ತದರ್ಪಣದಲ್ಲಿಯೇ ಇದ್ದಿತು. ಭಿಕ್ಷುವು ರೂಪಗಳನ್ನು ಕಲ್ಪಿಸಿರಲಿಲ್ಲ, ಕಂಡುದನ್ನು ಕಂಡಂತೆ ದಾಖಲೆಮಾಡಿದ್ದನು. ಶುದ್ಧಿಯ ಆಗ್ರಹದಿಂದ ಆತನು ಅವುಗಳನ್ನು ಬಿಟ್ಟಿದ್ದರೆ ಎಷ್ಟೋ ಪಂಕ್ತಿಗಳು ಇಂದಿಗೂ ಮೂಕವಾಗಿರುತ್ತಿದ್ದುವು.

ಆದರೆ 'ಈ ರೂಪಕ್ಕೆ ಆ ರೂಪವು ಸಮಾನ'ವೆಂಬ ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 'ಇಲ್ಲ' ಎಂಬುದರ ಕೆಳಗೆ 'ಉಪಯೋಗ'ವನ್ನು ಬರೆದ ಅಕ್ಷರವನ್ನು ಯಾನ್ ಚಿತುಯಿಯು ನಿಲುಗಡೆಯೆಂಬುದರ ರೂಪಾಂತರವಾಗಿ ಕೇಳಿದ್ದನು. ಶಿಂಗ್‌ಜುನ್ ಅದನ್ನೇ ತ್ಯಜಿಸುವುದೆಂಬರ್ಥದ 'ಛಿ' ಎಂದು ಓದಿದನು. ಇಂದಿನ ಪೀಕಿಂಗಿನ ಆಡುಮಾತಿನಲ್ಲಿ ಅದು 'ಬೆಂಗ್', 'ಬೇಕಾಗಿಲ್ಲ'ವೆಂದು ಅರ್ಥ. ದೇಹವು ಒಂದೇ, ಅದರಲ್ಲಿ ಮೂರು ಕಾಲಗಳಲ್ಲಿ ಮೂರು ಶಬ್ದಗಳು ನೆಲಸಿದುವು. ಸಮಾನತೆಯು ದೇಶಕಾಲಗಳಿಗೆ ಅಧೀನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

೧೯೫೫ರ ಡಿಸೆಂಬರಿನಲ್ಲಿ ಚೀನೀ ಸರ್ಕಾರವು ಅಂತಹದೊಂದು ಪಟ್ಟಿಯನ್ನೇ ಪ್ರಕಟಿಸಿತು. ೮೧೦ ಗುಂಪುಗಳಲ್ಲಿ ಒಂದೊಂದು ರೂಪವನ್ನು ಉಳಿಸಿ, ಮಿಕ್ಕ ೧,೦೫೫ನ್ನು ೧೯೫೬ರ ಫೆಬ್ರವರಿ ೧ರಿಂದ ನಿಲ್ಲಿಸಲಾಯಿತು. ಪ್ರಾಚೀನಗ್ರಂಥಗಳ ಪುನರ್ಮುದ್ರಣಕ್ಕೂ ಕುಲನಾಮಗಳಿಗೂ ವಿನಾಯಿತಿಯಿದ್ದಿತು. ತಂದೆತಾಯಿಗಳು ಇಟ್ಟ ಹೆಸರಿಗೆ ಇರಲಿಲ್ಲ. ಎರಡು ಶುಭಗಳ 'ಚೆ' ಹೋಯಿತು. ಲೋಹದ ಚಿಹ್ನೆಯುಳ್ಳ 'ರುಂಗ್' ಹೋಗಿ ಬೆಂಕಿಯ ಚಿಹ್ನೆಯುಳ್ಳದ್ದು ಉಳಿಯಿತು. ಈ ಲೋಹದ 'ರುಂಗ್' ಆಗ ಉಪಪ್ರಧಾನಿಯಾಗಿದ್ದ ಜು ರುಂಗ್‌ಜಿಯವರ ಹೆಸರಿನ ಅಕ್ಷರ. ೧೯೯೩ರಲ್ಲಿ ಅದಕ್ಕೆ ಪುನಃ ಸಾಧುತ್ವವು ದೊರೆಯಿತು. ಇತರರ ಹೆಸರುಗಳು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ೨೦೧೩ರಲ್ಲಿ ಪ್ರಕಟವಾದ ೮,೧೦೫ ಅಕ್ಷರಗಳ ಪ್ರಮಾಣಪಟ್ಟಿಯಲ್ಲಿ, ಹಿಂದೆ ರೂಪಾಂತರಗಳೆಂದು ತೆಗೆದುಹಾಕಿದ್ದ ೪೫ ಅಕ್ಷರಗಳನ್ನು ಶಿಷ್ಟವೆಂದು ಒಪ್ಪಲಾಯಿತು. ಎರಡು ಶುಭಗಳ 'ಚೆ' ಹಿಂತಿರುಗಿತು. ಅದರೊಡನೆ ಯಾನ್ ಚಿತುಯಿಯು ಹಳಿದಿದ್ದ, 'ಮತ್ತೆ' ಮತ್ತು 'ಬದುಕು' ಕೂಡಿದ 'ಸು' ಅಕ್ಷರವೂ ಹಿಂತಿರುಗಿತು. ವ್ಯಕ್ತಿಗಳ ಹೆಸರುಗಳಲ್ಲಿ ಮಾತ್ರ ಬಳಸಬಹುದೆಂಬ ಟಿಪ್ಪಣಿಯು ಅದರ ಕೆಳಗಿದೆ.