ಮೈಸೂರಿನ ಸಂತ ಫಿಲೋಮಿನಾ ಚರ್ಚು

ಮೈಸೂರಿನ ಅಶೋಕ ರಸ್ತೆಯಲ್ಲಿರುವ ಸಂತ ಫಿಲೋಮಿನಾ ಚರ್ಚು ಮೈಸೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಪ್ರಧಾನಾಲಯ. ಇಲ್ಲಿ ಮೊದಲಿದ್ದ ಚರ್ಚನ್ನು 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದರು. ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅನ್ಯಧರ್ಮದ ಪ್ರಜೆಗಳ ಗುಡಿಯನ್ನೂ ತಮ್ಮದೆಂದೇ ಬಗೆದ ಅರಸುಮನೆತನದ ಔದಾರ್ಯ ಇಲ್ಲಿ ಎರಡು ಬಾರಿ ಕಂಡಿತು.

ಕಟ್ಟಡದ ಶೈಲಿ ನವಗೋಥಿಕ್. ಜರ್ಮನಿಯ ಕಲೋನ್ ನಗರದ ಪ್ರಧಾನಾಲಯವೇ ಇದಕ್ಕೆ ಮಾದರಿ. ಕಲೋನಿನ ಗೋಪುರಗಳು 157 ಮೀಟರ್ ಎತ್ತರವಿದ್ದರೆ ಇಲ್ಲಿನ ಜೋಡಿ ಗೋಪುರಗಳು ಸುಮಾರು 175 ಅಡಿ, ಎಂದರೆ ಅದರ ಮೂರನೆಯ ಒಂದು ಪಾಲು. ಆದರೂ ತಗ್ಗು ಮನೆಗಳ ಊರಿನಲ್ಲಿ ಅವು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಅಳತೆ ಕುಗ್ಗಿದರೂ ಗಾಂಭೀರ್ಯ ಕುಗ್ಗಿಲ್ಲ. ನೆಲವಿನ್ಯಾಸ ಶಿಲುಬೆಯಾಕಾರದ್ದು. ಉದ್ದನೆಯ ಹಜಾರದಲ್ಲಿ ಜನರು ಕೂರುತ್ತಾರೆ, ಅದನ್ನು ಅಡ್ಡಹಾಯುವ ತೋಳುಗಳ ಆಚೆಗೆ ಬಲಿಪೀಠ. ಮೊನಚು ಕಮಾನಿನ ಕಿಟಕಿಗಳ ಬಣ್ಣದ ಗಾಜಿನಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಗೇರಿಕೆ, ಪುನರುತ್ಥಾನದ ದೃಶ್ಯಗಳಿವೆ. ಓದು ಬಾರದವರಿಗೂ ಬೈಬಲಿನ ಕಥೆ ತಿಳಿಸುವ ಹಳೆಯ ಯುರೋಪಿನ ಪದ್ಧತಿ ಇದು.

ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಫಿಲೋಮಿನಾಳ ಮೂರ್ತಿ ಮಲಗಿದ ಭಂಗಿಯಲ್ಲಿದೆ. ಮಹಾರಾಜರ ಕಚೇರಿಯಲ್ಲಿದ್ದ ತಂಬು ಚೆಟ್ಟಿಯವರು ತರಿಸಿದ ಸಂತಳ ಅವಶೇಷವೂ ಇಲ್ಲಿದೆ. 1961ರಲ್ಲಿ ರೋಮ್ ಆಕೆಯ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಭಕ್ತಿ ಮಾತ್ರ ಕದಲಲಿಲ್ಲ. ಅದಕ್ಕೂ ಮೊದಲೇ, 1940ರಲ್ಲಿ, ಬೆಂಗಳೂರು ಮೈಸೂರಿನಿಂದ ಬೇರೆಯಾಗಿ ಪ್ರತ್ಯೇಕ ಧರ್ಮಪ್ರಾಂತ್ಯವಾಗಿತ್ತು. ಮೈಸೂರಿನ ಧರ್ಮಾಧ್ಯಕ್ಷರ ಪೀಠ ಇರುವುದು ಈ ಪ್ರಧಾನಾಲಯದಲ್ಲೇ. ಸಂತ ಜೋಸೆಫರ ಹೆಸರೂ ಇದಕ್ಕಿದೆ, ಆದರೆ ಊರಿನವರ ಬಾಯಲ್ಲಿ ಇದು ಫಿಲೋಮಿನಾ ಚರ್ಚೇ.